ಯುದ್ಧೋತ್ತರ ತಲೆಮಾರಿನ ಸ್ವಕಥನಗಳು: ಬರವಣಿಗೆ, ಹಂಚಿಕೆ ಮತ್ತು ಓದು

ಆತ್ಮಕಥನವನ್ನು ಕುರಿತ ಚರ್ಚೆಗಳು ಬಹುಮಟ್ಟಿಗೆ ಬರೆಯುವವರನ್ನೇ ಕೇಂದ್ರವಾಗಿ ಇಟ್ಟುಕೊಂಡಿವೆ. ಬರೆದವರು ಯಾರು, ಯಾವ ಸಾಮಾಜಿಕ ನೆಲೆಯಿಂದ ಬರೆದರು, ಹೇಳಿದ್ದೆಷ್ಟು, ಮರೆಮಾಚಿದ್ದೆಷ್ಟು ಎಂಬ ಪ್ರಶ್ನೆಗಳಿಗೆ ವಿಮರ್ಶೆ ಹೆಚ್ಚಿನ ಗಮನ ಕೊಟ್ಟಿದೆ. ಅಚ್ಚಾಗಿ ಹೆಸರು ಪಡೆದ ಕೃತಿಗಳ ಮಟ್ಟಿಗೆ ಇದು ಸಾಕಾಗಬಹುದು. ಆದರೆ ಸಾಮಾನ್ಯರು ಇಳಿವಯಸ್ಸಿನಲ್ಲಿ ನೋಟುಪುಸ್ತಕಗಳಲ್ಲಿ, ದಿನಚರಿಗಳಲ್ಲಿ, ಪತ್ರಗಳಲ್ಲಿ ಬರೆದಿಟ್ಟ ಬದುಕಿನ ವಿಷಯ ಬಂದಾಗ ಬೇರೊಂದು ಪ್ರಶ್ನೆ ಎದುರಾಗುತ್ತದೆ. ಅದನ್ನು ಓದುವವರು ಯಾರು? ಬರೆದವರ ಓರಗೆಯವರಿಗೆ ಅದು ತಲುಪುವುದು ಹೇಗೆ? ಓದುಗರಿಲ್ಲದ ಸ್ವಕಥನಕ್ಕೆ ಸಾಂಸ್ಕೃತಿಕ ಅಸ್ತಿತ್ವ ಇದೆಯೇ?

ಎರಡನೆಯ ಮಹಾಯುದ್ಧದ ನಂತರ ಅಮೆರಿಕ ಮತ್ತು ಪಶ್ಚಿಮ ಯೂರೋಪಿನಲ್ಲಿ ಹುಟ್ಟಿ ಬೆಳೆದ, ‘ಬೇಬಿ ಬೂಮರ್’ ಎಂಬ ಹೆಸರಿನಿಂದ ಗುರುತಿಸಲಾಗುವ ತಲೆಮಾರು ಈ ಪ್ರಶ್ನೆಗಳನ್ನು ಪರಿಶೀಲಿಸಲು ತಕ್ಕ ನಿದರ್ಶನವಾಗಿದೆ. ಈ ತಲೆಮಾರಿನ ಹಿರಿಯರಿಗೆ, ಎಂದರೆ 1946ರಲ್ಲಿ ಹುಟ್ಟಿದವರಿಗೆ, 2026ರಲ್ಲಿ 80 ವರ್ಷ ತುಂಬುತ್ತದೆ. 1964ರಲ್ಲಿ ಹುಟ್ಟಿದ ಕಿರಿಯರಿಗೆ 2024ರಲ್ಲಿಯೇ 60 ತುಂಬಿತು. ಬದುಕನ್ನು ಹಿಂತಿರುಗಿ ನೋಡುವ ವಯಸ್ಸನ್ನು ಇಡೀ ತಲೆಮಾರೇ ತಲುಪಿದೆ. ಇವರಲ್ಲಿ ಬರೆಯಬಲ್ಲವರ ಪ್ರಮಾಣ ಹಿಂದಿನ ತಲೆಮಾರುಗಳಿಗಿಂತ ಹೆಚ್ಚು. ಹೀಗಾಗಿ ಬರೆದದ್ದನ್ನು ಹಂಚಿಕೊಳ್ಳುವ ಮತ್ತು ಪರರು ಬರೆದದ್ದನ್ನು ಕಂಡುಕೊಳ್ಳುವ ದಾರಿಗಳ ಪ್ರಶ್ನೆ ಇವರ ಕಾಲದಲ್ಲಿ ಮುಖ್ಯವಾಯಿತು. ಪ್ರಸ್ತುತ ಲೇಖನದಲ್ಲಿ ಆ ದಾರಿಗಳಲ್ಲಿ ಕೆಲವನ್ನು ವಿವೇಚಿಸಲಾಗಿದೆ. ತಲೆಮಾರು ಎಂಬುದು ಹುಟ್ಟಿದ ಇಸವಿಯಿಂದ ತಾನಾಗಿ ಸಿದ್ಧಿಸುವುದಿಲ್ಲ; ಒಬ್ಬರ ಬದುಕನ್ನು ಇನ್ನೊಬ್ಬರು ಓದುವ ಕ್ರಿಯೆಯಲ್ಲಿ ಅದು ರೂಪುಗೊಳ್ಳುತ್ತದೆ ಎಂಬುದು ಈ ವಿವೇಚನೆಯ ಮುಖ್ಯ ನಿಲುವು.

1. ತಲೆಮಾರು ಮತ್ತು ಓರಗೆ

ಕನ್ನಡದಲ್ಲಿ ‘ತಲೆಮಾರು’ ಎಂಬ ಪದದ ರೂಢಿಯ ಬಳಕೆ ವಂಶಕ್ಕೆ ಸಂಬಂಧಿಸಿದ್ದು. ಅಜ್ಜ, ಅಪ್ಪ, ಮಗ ಎಂಬ ಮೇಲಿನಿಂದ ಕೆಳಕ್ಕೆ ಇಳಿಯುವ ಸರಣಿಯನ್ನು ಅದು ಸೂಚಿಸುತ್ತದೆ. ‘ಏಳು ತಲೆಮಾರಿಗೆ ಆಗುವಷ್ಟು ಆಸ್ತಿ’ ಎಂಬ ಮಾತಿನಲ್ಲಿ ಈ ಅರ್ಥವೇ ಇದೆ. ಒಂದೇ ಕಾಲದಲ್ಲಿ ಹುಟ್ಟಿ ಜೊತೆಯಾಗಿ ಬೆಳೆದವರನ್ನು ಹೇಳಲು ಕನ್ನಡಕ್ಕೆ ‘ಓರಗೆ’ ಎಂಬ ಬೇರೆ ಪದವೇ ಇದೆ. ‘ಅವನು ನನ್ನ ಓರಗೆಯವನು’ ಎಂಬಲ್ಲಿ ರಕ್ತಸಂಬಂಧದ ಸೂಚನೆಯಿಲ್ಲ, ವಯಸ್ಸಿನ ಸಾಮ್ಯ ಮಾತ್ರ ಇದೆ. ‘ನವ್ಯರ ತಲೆಮಾರು’, ‘ಬಂಡಾಯದ ತಲೆಮಾರು’ ಎಂದು ಸಾಹಿತ್ಯ ಚರಿತ್ರೆ ಹೇಳುವಾಗ ಈ ಎರಡು ಅರ್ಥಗಳೂ ಬೆರೆತುಹೋಗಿವೆ. ಹಿಂದಿನವರಿಗೆ ಉತ್ತರಾಧಿಕಾರಿಗಳು ಎಂಬ ಅರ್ಥವೂ, ಒಂದೇ ಕಾಲದ ಸಂಗಾತಿಗಳು ಎಂಬ ಅರ್ಥವೂ ಅಲ್ಲಿ ಒಟ್ಟಿಗೆ ಇವೆ.

ಈ ಬೆರಕೆಯನ್ನು ಬಿಡಿಸಿಕೊಳ್ಳಲು ಸಮಾಜಶಾಸ್ತ್ರಜ್ಞ ಕಾರ್ಲ್ ಮ್ಯಾನ್‌ಹೈಮ್ ತಲೆಮಾರುಗಳ ಸಮಸ್ಯೆಯನ್ನು ಕುರಿತು 1928ರಲ್ಲಿ ಪ್ರಕಟಿಸಿದ ಜರ್ಮನ್ ಪ್ರಬಂಧ ನೆರವಾಗುತ್ತದೆ. ಆತ ಮೂರು ಹಂತಗಳನ್ನು ಗುರುತಿಸುತ್ತಾನೆ. ಒಂದೇ ಕಾಲದಲ್ಲಿ, ಒಂದೇ ಸಾಮಾಜಿಕ ಆವರಣದಲ್ಲಿ ಹುಟ್ಟಿರುವುದು ಮೊದಲನೆಯ ಹಂತ. ಇದು ಕೇವಲ ಒಂದು ಸಾಧ್ಯತೆ. ಕಾಲದ ದೊಡ್ಡ ಪಲ್ಲಟಗಳಲ್ಲಿ ಹರೆಯದ ದಿನಗಳಲ್ಲಿಯೇ ಪಾಲುಗೊಂಡು, ಆ ಮೂಲಕ ಪರಸ್ಪರ ಸಂಬಂಧ ಪಡೆಯುವುದು ಎರಡನೆಯದು. ಆಗ ಮಾತ್ರ ವಾಸ್ತವದ ತಲೆಮಾರು ಹುಟ್ಟುತ್ತದೆ. ಒಂದೇ ಅನುಭವಕ್ಕೆ ಬೇರೆ ಬೇರೆ ಬಗೆಯಲ್ಲಿ, ಕೆಲವೊಮ್ಮೆ ವಿರುದ್ಧವಾಗಿ ಸ್ಪಂದಿಸುವ ಒಳಗುಂಪುಗಳು ಮೂರನೆಯ ಹಂತಕ್ಕೆ ಸೇರುತ್ತವೆ. ಮೊದಲನೆಯದನ್ನು ‘ಓರಗೆ’ ಎಂದೂ ಎರಡನೆಯದನ್ನು ‘ತಲೆಮಾರು’ ಎಂದೂ ಕನ್ನಡದಲ್ಲಿ ಬೇರ್ಪಡಿಸಿ ಹೇಳಬಹುದು. ಓರಗೆ ಹುಟ್ಟಿನಿಂದ ಬರುತ್ತದೆ. ತಲೆಮಾರು ಅನುಭವದ ಹಂಚಿಕೆಯಿಂದ ಆಗುತ್ತದೆ.

2. ಅಂಕಿ-ಅಂಶ ಮತ್ತು ಒಳಭೇದಗಳು

ಬೇಬಿ ಬೂಮರ್ ಎಂಬ ಹೆಸರು ಮೊದಲನೆಯ ಅರ್ಥದ್ದು, ಎಂದರೆ ಜನನದ ಲೆಕ್ಕದಿಂದ ಬಂದದ್ದು. ಅಮೆರಿಕದಲ್ಲಿ 1946ರಲ್ಲಿ ಸುಮಾರು 34 ಲಕ್ಷ ಶಿಶುಗಳು ಹುಟ್ಟಿದವು. 1957ರಲ್ಲಿ ಈ ಸಂಖ್ಯೆ ಸುಮಾರು 43 ಲಕ್ಷಕ್ಕೆ ಏರಿತು. 1965ರಲ್ಲಿ ಅದು 40 ಲಕ್ಷಕ್ಕಿಂತ ಕೆಳಗಿಳಿಯಿತು. ನಡುವಿನ ಈ ಅವಧಿಯಲ್ಲಿ ಒಟ್ಟು ಸುಮಾರು 7 ಕೋಟಿ 60 ಲಕ್ಷ ಜನನಗಳಾದವು. ಬ್ರಿಟನ್ನಿನಲ್ಲಿ ಏರಿಕೆಯ ಸ್ವರೂಪವೇ ಬೇರೆ. ಅಲ್ಲಿ 1947ರಲ್ಲಿ ಒಮ್ಮೆ, 1964ರಲ್ಲಿ ಇನ್ನೊಮ್ಮೆ ಜನನಗಳು ಹತ್ತು ಲಕ್ಷವನ್ನು ದಾಟಿದವು. ಹೀಗಾಗಿ ಬ್ರಿಟನ್ನಿನ ಅಲೆಗೆ ಎರಡು ಶಿಖರಗಳಿವೆ. ಜನನದ ಲೆಕ್ಕದ ಮಟ್ಟಿಗೂ ‘ಯುದ್ಧೋತ್ತರ ತಲೆಮಾರು’ ಎಲ್ಲ ದೇಶಗಳಲ್ಲಿ ಒಂದೇ ಅಲ್ಲ.

ಅನುಭವದ ನೆಲೆಯಲ್ಲಿ ಈ ಭೇದ ಇನ್ನೂ ಸ್ಪಷ್ಟವಾಗುತ್ತದೆ. ವಿಯೆಟ್ನಾಂ ಯುದ್ಧಕ್ಕೆ ಸೈನಿಕರನ್ನು ಕಳುಹಿಸುವ ಸಲುವಾಗಿ ಅಮೆರಿಕದಲ್ಲಿ 1969ರ ಡಿಸೆಂಬರ್ 1ರಂದು ಚೀಟಿ ಎತ್ತಲಾಯಿತು. 1944ರಿಂದ 1950ರವರೆಗೆ ಹುಟ್ಟಿದ ಯುವಕರ ಜನ್ಮದಿನಗಳು ಆ ಚೀಟಿಗಳಲ್ಲಿದ್ದವು. ಹುಟ್ಟಿದ ದಿನವೇ ಒಬ್ಬನ ಸಾವು-ಬದುಕನ್ನು ನಿರ್ಧರಿಸಬಹುದಾದ ಪ್ರಸಂಗವದು. ಕಡ್ಡಾಯ ಸೇನಾಭರ್ತಿ 1973ರಲ್ಲಿ ನಿಂತಿತು. 1948ರಲ್ಲಿ ಹುಟ್ಟಿದವನೂ 1962ರಲ್ಲಿ ಹುಟ್ಟಿದವನೂ ಒಂದೇ ಹೆಸರಿನಡಿ ಬರುತ್ತಾರೆ. ಆದರೆ ಮೊದಲನೆಯವನಿಗೆ ಆ ಚೀಟಿ ಸ್ವಂತ ಭಯ, ಎರಡನೆಯವನಿಗೆ ಅಣ್ಣಂದಿರ ಕಥೆ.

ವರ್ಣ ಮತ್ತು ವರ್ಗದ ಭೇದಗಳೂ ಇಲ್ಲಿವೆ. ಸ್ವಂತ ಮನೆ, ಕಾರು, ಟೆಲಿವಿಷನ್, ಕಾಲೇಜು ಎಂಬ ಸಮೃದ್ಧಿಯ ಚಿತ್ರ ಬಹುಮಟ್ಟಿಗೆ ಬಿಳಿಯ ಮಧ್ಯಮವರ್ಗದ ಉಪನಗರಗಳದ್ದು. ಶಾಲೆಗಳಲ್ಲಿ ವರ್ಣಭೇದ ಸಂವಿಧಾನಬಾಹಿರವೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯ ತೀರ್ಪು ಕೊಟ್ಟದ್ದು 1954ರಲ್ಲಿ. ದಕ್ಷಿಣದ ರಾಜ್ಯಗಳ ಕಪ್ಪು ಮಕ್ಕಳು ಅದರ ನಂತರವೂ ಹಲವು ವರ್ಷ ಪ್ರತ್ಯೇಕ ಶಾಲೆಗಳಲ್ಲಿಯೇ ಓದಿದರು. ಮಾರುಕಟ್ಟೆ ಮತ್ತು ಜಾಹೀರಾತಿಗೆ ಇವರೆಲ್ಲರೂ ಒಂದೇ ಗ್ರಾಹಕ ಸಮೂಹವಾಗಿ ಕಂಡಿರಬಹುದು. ಆದರೆ ಸ್ವಕಥನಗಳನ್ನು ಓದಿದವರಿಗೆ ಆ ಏಕರೂಪ ಒಡೆದು ಕಾಣುತ್ತದೆ. ಈ ಕಾರಣದಿಂದಲೇ ಅಂಕಿ-ಅಂಶಗಳ ಜೊತೆಗೆ ಸ್ವಕಥನಗಳ ಅಧ್ಯಯನವೂ ಅಗತ್ಯವಾಗುತ್ತದೆ.

3. ನೆನಪಿನ ವಿನ್ಯಾಸ ಮತ್ತು ಇಳಿವಯಸ್ಸಿನ ಬರವಣಿಗೆ

ಮ್ಯಾನ್‌ಹೈಮ್ ತಾತ್ವಿಕವಾಗಿ ಹೇಳಿದ ಮಾತಿಗೆ ನಂತರದ ಸಂಶೋಧನೆಗಳು ಕೆಲವು ಆಧಾರಗಳನ್ನು ಒದಗಿಸಿವೆ. ಹೊವರ್ಡ್ ಶೂಮನ್ ಮತ್ತು ಜಾಕ್ವೆಲಿನ್ ಸ್ಕಾಟ್ ಅವರು 1989ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ಉಲ್ಲೇಖನೀಯ. ಹಿಂದಿನ ಐವತ್ತು ವರ್ಷಗಳ ಅತಿ ಮುಖ್ಯ ಘಟನೆಗಳು ಯಾವುವು ಎಂದು ಅಮೆರಿಕನ್ನರನ್ನು ಕೇಳಿದಾಗ, ಬೇರೆ ಬೇರೆ ವಯೋಮಾನದವರು ಬೇರೆ ಬೇರೆ ಘಟನೆಗಳನ್ನು ಹೆಸರಿಸಿದರು. ತಮ್ಮ ಹರೆಯದ ಮತ್ತು ಎಳೆಯೌವನದ ದಿನಗಳಲ್ಲಿ ನಡೆದದ್ದನ್ನೇ ಮುಖ್ಯವೆಂದು ಆರಿಸಿಕೊಳ್ಳುವ ಪ್ರವೃತ್ತಿ ಅವರಲ್ಲಿ ಕಂಡುಬಂತು. ಬದುಕಿನ ಹತ್ತರಿಂದ ಮೂವತ್ತರವರೆಗಿನ ವಯಸ್ಸಿನ ನೆನಪುಗಳು ಇಳಿವಯಸ್ಸಿನಲ್ಲಿ ದಟ್ಟವಾಗಿ ಮರಳುತ್ತವೆ ಎಂಬುದನ್ನು ಮನಶ್ಶಾಸ್ತ್ರಜ್ಞರೂ ಗುರುತಿಸಿದ್ದಾರೆ.

ಮುದುಕರು ಹಳೆಯದನ್ನೇ ಹೇಳುತ್ತಾರೆ ಎಂಬುದು ಎಲ್ಲ ಸಮಾಜಗಳಲ್ಲಿಯೂ ಇರುವ ದೂರು. ಈ ಹಳಹಳಿಕೆಯನ್ನು ಬುದ್ಧಿಯ ಕುಗ್ಗುವಿಕೆಯ ಲಕ್ಷಣವೆಂದು ವೈದ್ಯರೂ ಭಾವಿಸುತ್ತಿದ್ದ ಕಾಲವೊಂದಿತ್ತು. ಅಮೆರಿಕದ ಮನೋವೈದ್ಯ ರಾಬರ್ಟ್ ಬಟ್ಲರ್ 1963ರ ಪ್ರಬಂಧವೊಂದರಲ್ಲಿ ಈ ಗ್ರಹಿಕೆಯನ್ನು ಪ್ರಶ್ನಿಸಿದರು. ಸಾವು ಹತ್ತಿರವಾಗುತ್ತಿದೆ ಎಂಬ ಅರಿವಿನಲ್ಲಿ ಮನುಷ್ಯ ತನ್ನ ಬದುಕನ್ನು ಮತ್ತೆ ಪರಿಶೀಲಿಸಿಕೊಳ್ಳುವುದು ಸಹಜವಾದ ಮಾನಸಿಕ ಕ್ರಿಯೆ ಎಂದು ಅವರು ವಾದಿಸಿದರು. ಬಗೆಹರಿಯದೆ ಉಳಿದ ಸಂಘರ್ಷಗಳು ಆಗ ಮೇಲೆ ಬರುತ್ತವೆ; ಕೆಲವರಿಗೆ ಅದರಿಂದ ಸಮಾಧಾನ ಸಿಕ್ಕರೆ ಕೆಲವರಿಗೆ ಪಾಪಪ್ರಜ್ಞೆ, ಹತಾಶೆ ಉಂಟಾಗಬಹುದು ಎಂಬುದನ್ನೂ ಅವರು ಗಮನಿಸಿದ್ದರು. ಆ ಪ್ರಬಂಧ ಬಂದಾಗ ಯುದ್ಧೋತ್ತರ ತಲೆಮಾರಿನವರು ಇನ್ನೂ ಮಕ್ಕಳು. ಆದರೆ ಅವರ ಇಳಿವಯಸ್ಸಿನ ಬರವಣಿಗೆಗೆ ಅದು ಮುಂಚಿತವಾಗಿಯೇ ಮಾನ್ಯತೆಯನ್ನು ಒದಗಿಸಿಕೊಟ್ಟಿತ್ತು.

ಜೇಮ್ಸ್ ಬಿರೆನ್ ಅವರು 1970ರ ದಶಕದಿಂದ ರೂಪಿಸಿದ ಮಾರ್ಗದರ್ಶಿತ ಆತ್ಮಕಥನದ ಪದ್ಧತಿ ಈ ತಿಳಿವಳಿಕೆಯನ್ನು ಗುಂಪಿನ ಚಟುವಟಿಕೆಯಾಗಿ ಬದಲಿಸಿತು. ಬದುಕಿನ ತಿರುವುಗಳು, ಕುಟುಂಬ, ಹಣ, ದುಡಿಮೆ, ದೇಹ ಮತ್ತು ಆರೋಗ್ಯ, ಸಾವು ಮುಂತಾದ ವಸ್ತುಗಳನ್ನು ಒಂದೊಂದಾಗಿ ಎತ್ತಿಕೊಂಡು ಪ್ರತಿಯೊಬ್ಬರೂ ಸುಮಾರು ಎರಡು ಪುಟ ಬರೆದು ತರುತ್ತಾರೆ. ಅದನ್ನು ಸಣ್ಣ ಗುಂಪಿನಲ್ಲಿ ಗಟ್ಟಿಯಾಗಿ ಓದುತ್ತಾರೆ. ಉಳಿದವರು ಕೇಳುತ್ತಾರೆ. ಇಲ್ಲಿ ಗಮನಿಸಬೇಕಾದ ಅಂಶವೆಂದರೆ ಬರೆಯುವ ಮನೆಗೆಲಸದಷ್ಟೇ ಕೇಳುವ ಶಿಸ್ತಿಗೂ ಮಹತ್ವವಿದೆ. ಇನ್ನೊಬ್ಬರ ಹಣದ ಕಥೆಯನ್ನು ಕೇಳಿದಾಗ ತಾನು ಮರೆತಿದ್ದ ತನ್ನ ಮನೆಯ ಸಾಲದ ನೆನಪು ಮರಳುತ್ತದೆ. ನೆನಪು ಖಾಸಗಿಯಾದದ್ದು ಎಂಬ ಸಾಮಾನ್ಯ ನಂಬಿಕೆಗೆ ಈ ಪದ್ಧತಿ ತಿದ್ದುಪಡಿ ಸೂಚಿಸುತ್ತದೆ.

4. ‘ನಾನು’ವಿನಿಂದ ‘ನಾವು’ವಿನ ಕಡೆಗೆ

ಈ ತಲೆಮಾರಿನ ಪ್ರಕಟಿತ ಸ್ವಕಥನಗಳಲ್ಲಿ ಮೂರನ್ನು ಇಲ್ಲಿ ನಿದರ್ಶನವಾಗಿ ನೋಡಬಹುದು. ಬ್ರಿಟಿಷ್ ಇತಿಹಾಸಕಾರ್ತಿ ಕ್ಯಾರೊಲಿನ್ ಸ್ಟೀಡ್‌ಮನ್ ಹುಟ್ಟಿದ್ದು 1947ರಲ್ಲಿ, ಎಂದರೆ ಅಲೆಯ ಮೊದಲ ಶಿಖರದಲ್ಲಿಯೇ. 1986ರಲ್ಲಿ ಪ್ರಕಟವಾದ ಅವರ ‘ಲ್ಯಾಂಡ್‌ಸ್ಕೇಪ್ ಫಾರ್ ಎ ಗುಡ್ ವುಮನ್’ ಕೃತಿಯಲ್ಲಿ ತಾಯಿಯ ಬದುಕೂ ಮಗಳ ಬಾಲ್ಯವೂ ಹೆಣೆದುಕೊಂಡಿವೆ. ಕಾರ್ಮಿಕ ವರ್ಗದ ತಾಯಂದಿರನ್ನು ಸಹನೆಯ ಮೂರ್ತಿಗಳಾಗಿ ಚಿತ್ರಿಸುವ ಪರಂಪರೆಗೆ ಅದು ಎದುರು ನಿಲ್ಲುತ್ತದೆ. ಇಲ್ಲಿಯ ತಾಯಿ ಆಸೆಗಳಿರುವವಳು, ತನಗೆ ಸಿಗದ ಒಳ್ಳೆಯ ಬಟ್ಟೆಗಾಗಿ ಹಂಬಲಿಸುವವಳು, ಅಸಮಾಧಾನವನ್ನು ಬಚ್ಚಿಡದವಳು. ಯುದ್ಧದ ನಂತರ ಕಲ್ಯಾಣ ರಾಜ್ಯ ಮಕ್ಕಳಿಗೆ ಕೊಟ್ಟ ಕಿತ್ತಳೆ ರಸ, ಶಾಲೆಯ ಹಾಲು ಮತ್ತು ಊಟ ತನಗೂ ಬದುಕುವ ಹಕ್ಕಿದೆ ಎಂಬ ಭಾವವನ್ನು ತನ್ನಲ್ಲಿ ಮೂಡಿಸಿದವು ಎಂದು ಲೇಖಕಿ ಗುರುತಿಸುತ್ತಾರೆ. ಸರ್ಕಾರದ ಒಂದು ಆಹಾರ ಯೋಜನೆ ಹೀಗೆ ಒಂದು ಮಗುವಿನ ಅಸ್ಮಿತೆಯ ಭಾಗವಾಗುತ್ತದೆ. ಯೋಜನೆಯ ಕಡತಗಳಲ್ಲಿ ಈ ಸಂಗತಿ ಸಿಗಲಾರದು.

ಬೆಲ್ ಹುಕ್ಸ್ ಹುಟ್ಟಿದ್ದು 1952ರಲ್ಲಿ, ಅಮೆರಿಕದ ಕೆಂಟಕಿ ರಾಜ್ಯದ ಹಾಪ್ಕಿನ್ಸ್‌ವಿಲ್ ಎಂಬ ಊರಿನಲ್ಲಿ. 1996ರ ‘ಬೋನ್ ಬ್ಲ್ಯಾಕ್’ ಅವರ ಬಾಲ್ಯದ ಕಥನ. ಇದರ ಅಧ್ಯಾಯಗಳು ಚಿಕ್ಕವು. ನಿರೂಪಣೆ ‘ನಾನು’ ಎಂಬಲ್ಲಿಂದ ‘ಅವಳು’ ಎಂಬಲ್ಲಿಗೆ ಜಾರುತ್ತಿರುತ್ತದೆ. ವರ್ಣಭೇದದ ಊರಿನಲ್ಲಿ, ಕಪ್ಪು ಕುಟುಂಬದೊಳಗೂ ಒಂಟಿಯಾದ ಹುಡುಗಿಯೊಬ್ಬಳು ತನ್ನನ್ನು ತಾನೇ ಹೊರಗಿನಿಂದ ನೋಡಿಕೊಳ್ಳುವ ಬಗೆ ಈ ಜಾರುವಿಕೆಯಲ್ಲಿದೆ. ಸ್ಟೀಡ್‌ಮನ್ ಮತ್ತು ಹುಕ್ಸ್ ಓರಗೆಯವರು. ಆದರೆ ಒಬ್ಬರಿಗೆ ರಾಜ್ಯವ್ಯವಸ್ಥೆ ಹಾಲು ಕೊಟ್ಟ ಕೈಯಾಗಿ ನೆನಪಾಗುತ್ತದೆ. ಇನ್ನೊಬ್ಬರ ಊರಿನಲ್ಲಿ ಶಾಲೆಯ ಬಾಗಿಲನ್ನೇ ಚರ್ಮದ ಬಣ್ಣ ನೋಡಿ ತೆರೆಯಲಾಗುತ್ತಿತ್ತು.

ಫ್ರಾನ್ಸಿನ ಆನಿ ಎರ್ನೊ ಹುಟ್ಟಿದ್ದು 1940ರಲ್ಲಿ. ಲೆಕ್ಕದ ಪ್ರಕಾರ ಅವರು ಈ ತಲೆಮಾರಿನ ಹೊಸ್ತಿಲಿನಿಂದ ತುಸು ಆಚೆಗಿನವರು. ಆದರೂ 2008ರಲ್ಲಿ ಪ್ರಕಟವಾದ, ‘ವರ್ಷಗಳು’ ಎಂಬ ಅರ್ಥದ ಶೀರ್ಷಿಕೆಯ ಅವರ ಕೃತಿ ಯುದ್ಧೋತ್ತರ ಫ್ರಾನ್ಸಿನ ಸಾಮೂಹಿಕ ಆತ್ಮಕಥನದಂತಿದೆ. ಅದರಲ್ಲಿ ಲೇಖಕಿಯನ್ನು ಸೂಚಿಸುವ ‘ನಾನು’ ಇಲ್ಲ. ಹಳೆಯ ಫೋಟೊಗಳಲ್ಲಿರುವವಳು ‘ಅವಳು’, ಕಾಲವನ್ನು ಬಾಳಿದವರು ‘ನಾವು’. ಹಬ್ಬದ ಊಟದ ಮೇಜಿನ ಸುತ್ತ ಹಿರಿಯರು ಹೇಳುವ ಯುದ್ಧದ ಕಥೆಗಳು ಮೊದಲ ಭಾಗದಲ್ಲಿವೆ. ಕಾಲ ಕಳೆದಂತೆ ಅದೇ ಬಗೆಯ ಊಟಗಳಲ್ಲಿ ಆ ಕಥೆಗಳನ್ನು ಹೇಳುವವರು ಇಲ್ಲವಾಗುತ್ತಾರೆ. ಎರ್ನೊ ಅವರಿಗೆ 2022ರ ನೊಬೆಲ್ ಪ್ರಶಸ್ತಿ ಸಂದಿತು. ಒಬ್ಬರ ನೆನಪು ಓರಗೆಯವರೆಲ್ಲರ ನೆನಪಾಗುವ ಸಾಧ್ಯತೆಯನ್ನು ಈ ಕೃತಿ ನಿರೂಪಣೆಯ ಮಟ್ಟದಲ್ಲಿಯೇ ಸಾಧಿಸಿದೆ.

5. ಕಂಡುಕೊಳ್ಳುವ ವ್ಯವಸ್ಥೆಗಳು

ಮೇಲಿನ ಮೂವರೂ ವೃತ್ತಿಯಿಂದ ಬರಹಗಾರರು ಅಥವಾ ವಿದ್ವಾಂಸರು. ಪ್ರಕಾಶಕರ ಮೂಲಕ ಓದುಗರು ಅವರಿಗೆ ಒದಗಿದರು. ಉಳಿದ ಕೋಟ್ಯಂತರ ಜನರ ಪಾಡೇನು? ಯೂರೋಪಿನ ಮೂರು ಪ್ರಯೋಗಗಳು ಈ ಪ್ರಶ್ನೆಗೆ ಮೂರು ಬಗೆಯ ಉತ್ತರ ಕೊಟ್ಟಿವೆ.

ಮೊದಲನೆಯದು ಬ್ರಿಟನ್ನಿನ ‘ಮಾಸ್ ಅಬ್ಸರ್ವೇಶನ್’. ಟಾಮ್ ಹ್ಯಾರಿಸನ್, ಚಾರ್ಲ್ಸ್ ಮ್ಯಾಜ್ ಮತ್ತು ಹಂಫ್ರಿ ಜೆನ್ನಿಂಗ್ಸ್ ಅವರು 1937ರಲ್ಲಿ ಇದನ್ನು ಪ್ರಾರಂಭಿಸಿದರು. ತಮ್ಮದೇ ಜನರ ದೈನಂದಿನ ಬದುಕನ್ನು ಮಾನವಶಾಸ್ತ್ರದ ದೃಷ್ಟಿಯಿಂದ ದಾಖಲಿಸುವುದು ಅವರ ಉದ್ದೇಶವಾಗಿತ್ತು. ಅದರ ದಾಖಲೆಗಳು 1970ರ ದಶಕದಲ್ಲಿ ಸಸೆಕ್ಸ್ ವಿಶ್ವವಿದ್ಯಾನಿಲಯಕ್ಕೆ ಸೇರಿದವು. 1981ರಲ್ಲಿ ಅಲ್ಲಿನ ಮಾನವಶಾಸ್ತ್ರಜ್ಞ ಡೇವಿಡ್ ಪೊಕಾಕ್ ಹೊಸ ಯೋಜನೆಯನ್ನು ಆರಂಭಿಸಿದರು. ಗುಜರಾತಿನ ಪಾಟೀದಾರ್ ಸಮುದಾಯವನ್ನು ಅಧ್ಯಯನ ಮಾಡಿದ್ದ, ಲೂಯಿ ದ್ಯುಮೊ ಅವರೊಡನೆ ಭಾರತೀಯ ಸಮಾಜಶಾಸ್ತ್ರದ ಪತ್ರಿಕೆಯೊಂದನ್ನು ಸ್ಥಾಪಿಸಿದ್ದ ವಿದ್ವಾಂಸರು ಅವರು. ಈ ಯೋಜನೆಯಲ್ಲಿ ಸ್ವಯಂಪ್ರೇರಿತ ಬರಹಗಾರರಿಗೆ ವರ್ಷದಲ್ಲಿ ಕೆಲವು ಬಾರಿ ಪ್ರಶ್ನೆಗಳ ಸೂಚನಾಪತ್ರ ಹೋಗುತ್ತದೆ. ಅವರು ತಮಗೆ ತೋಚಿದಷ್ಟು ಬರೆದು ಕಳುಹಿಸುತ್ತಾರೆ. ಬರೆದವರ ಹೆಸರನ್ನು ಬಹಿರಂಗಪಡಿಸದೆ ಸಂಖ್ಯೆಯಿಂದ ಗುರುತಿಸಲಾಗುತ್ತದೆ. ವರ್ಷಾನುಗಟ್ಟಲೆ ಬರೆದವರೂ ಇದ್ದಾರೆ. ಇದರ ಮಿತಿಯನ್ನೂ ಸಂಶೋಧಕರು ಚರ್ಚಿಸಿದ್ದಾರೆ. ಬರೆಯಲು ಮುಂದೆ ಬಂದವರಲ್ಲಿ ಮಹಿಳೆಯರು ಮತ್ತು ಮಧ್ಯಮವರ್ಗದವರು ಹೆಚ್ಚು. ಇಡೀ ಸಮಾಜದ ಪ್ರಾತಿನಿಧಿಕ ಚಿತ್ರ ಅಲ್ಲಿ ಸಿಗುವುದಿಲ್ಲ. ಇಲ್ಲಿ ಬರೆಯುವವರಿಗೆ ಸಿಗುವ ಓದುಗ ಮುಖ್ಯವಾಗಿ ಸಂಶೋಧಕ. ಬರಹ ಒಂದು ಆಕರವಾಗುತ್ತದೆ.

ಎರಡನೆಯದು ಇಟಲಿಯ ಟಸ್ಕನಿ ಪ್ರಾಂತದ ಪಿಯೆವೆ ಸಾಂತೊ ಸ್ತೆಫಾನೊ. 1944ರಲ್ಲಿ ಹಿಮ್ಮೆಟ್ಟುತ್ತಿದ್ದ ಜರ್ಮನ್ ಸೈನ್ಯ ಸಿಡಿಮದ್ದಿಟ್ಟು ಈ ಊರನ್ನು ನೆಲಸಮ ಮಾಡಿತ್ತು. ನೆನಪಿನ ಕುರುಹುಗಳನ್ನೇ ಕಳೆದುಕೊಂಡಿದ್ದ ಈ ಊರಿನಲ್ಲಿ ಪತ್ರಕರ್ತ ಸವೇರಿಯೊ ತುತಿನೊ 1984ರಲ್ಲಿ ದಿನಚರಿಗಳ ರಾಷ್ಟ್ರೀಯ ಸಂಗ್ರಹಾಲಯವನ್ನು ಸ್ಥಾಪಿಸಿದರು. ಸಾಮಾನ್ಯರ ದಿನಚರಿ, ಪತ್ರ, ಆತ್ಮಕಥನಗಳನ್ನು ಆಹ್ವಾನಿಸಿ ಅಲ್ಲಿ ಬಹುಮಾನವೊಂದನ್ನು ಕೊಡಲಾಗುತ್ತದೆ. ಬಂದ ಹಸ್ತಪ್ರತಿಗಳನ್ನು ಮೊದಲು ಓದಿ ಚರ್ಚಿಸುವವರು ಆ ಸುತ್ತಿನ ಸಾಮಾನ್ಯ ಓದುಗರ ಸಮಿತಿಯವರು. ಅಲ್ಲಿಗೆ ಬಂದ ಬರಹಗಳಲ್ಲಿ ಅತಿ ಪ್ರಸಿದ್ಧವಾದದ್ದು ಒಂದು ಹಾಸಿಗೆಯ ಹೊದಿಕೆ. 1912ರಲ್ಲಿ ಹುಟ್ಟಿದ ರೈತ ಮಹಿಳೆ ಕ್ಲೇಲಿಯಾ ಮಾರ್ಕಿ, ಗಂಡ ಅಪಘಾತದಲ್ಲಿ ತೀರಿಕೊಂಡ ನಂತರ, ಬರೆಯಲು ಕಾಗದ ಸಾಲದೆ ಮದುವೆಯ ಹೊದಿಕೆಯ ಮೇಲೆಯೇ ತನ್ನ ಬದುಕನ್ನು ಸಾಲು ಸಾಲಾಗಿ ಬರೆದಳು. ಅವಳು ಯುದ್ಧೋತ್ತರ ತಲೆಮಾರಿನವಳಲ್ಲ, ಆ ತಲೆಮಾರಿನ ತಾಯಂದಿರ ಓರಗೆಯವಳು. ಊರೊಂದು ಓದಲು ಸಿದ್ಧವಿದೆ ಎಂಬುದು ತಿಳಿದಿರದಿದ್ದರೆ ಆ ಬಟ್ಟೆ ಮನೆಯ ಪೆಟ್ಟಿಗೆಯಲ್ಲಿಯೇ ಉಳಿದುಬಿಡಬಹುದಿತ್ತು. ಈಗ ಅದು ಅಲ್ಲಿನ ಸಂಗ್ರಹಾಲಯದ ಕೇಂದ್ರ ವಸ್ತು.

ಮೂರನೆಯದು ಫ್ರಾನ್ಸಿನದು. ಆತ್ಮಕಥನದಲ್ಲಿ ಬರೆಯುವವರಿಗೂ ಓದುಗರಿಗೂ ನಡುವೆ ಒಂದು ಒಪ್ಪಂದವಿರುತ್ತದೆ ಎಂಬ ಪರಿಕಲ್ಪನೆಯನ್ನು 1975ರ ಕೃತಿಯಲ್ಲಿ ಮಂಡಿಸಿದ ಫಿಲಿಪ್ ಲೆಜೂನ್ ಕನ್ನಡದ ವಿಮರ್ಶೆಗೆ ಅಪರಿಚಿತರಲ್ಲ. ಆತ್ಮಕಥನದಲ್ಲಿ ಲೇಖಕ, ನಿರೂಪಕ ಮತ್ತು ಕಥಾನಾಯಕ ಒಬ್ಬರೇ ಎಂಬ ಭರವಸೆ ಆ ಒಪ್ಪಂದದ ತಿರುಳು. ಭರವಸೆ ಕೊಡುವವರು ಇದ್ದರೆ ಸಾಲದು, ಅದನ್ನು ಸ್ವೀಕರಿಸುವವರೂ ಬೇಕು. ಲೆಜೂನ್ ಅವರು ಶಾಂತಾಲ್ ಶವೆರಿಯಾ-ದ್ಯುಮುಲ್ಯಾಂ ಅವರೊಡನೆ 1992ರಲ್ಲಿ ಆಂಬೇರ್ಯು-ಆಂ-ಬ್ಯುಜೆ ಎಂಬ ಚಿಕ್ಕ ಊರಿನಲ್ಲಿ ಕಟ್ಟಿದ ಆತ್ಮಕಥನ ಸಂಘವು ತಾತ್ವಿಕತೆಯಿಂದ ಕಾರ್ಯಕ್ಕೆ ಇಳಿದ ಅಪರೂಪದ ನಿದರ್ಶನ. ಅಪ್ರಕಟಿತ ಸ್ವಕಥನಗಳನ್ನು ಯಾರು ಬೇಕಾದರೂ ಅಲ್ಲಿ ಠೇವಣಿ ಇಡಬಹುದು. ಸಾಹಿತ್ಯಿಕ ಗುಣವನ್ನು ನೋಡಿ ಆಯ್ಕೆ ಮಾಡುವ ಕ್ರಮವಿಲ್ಲ. ಯಾರು ಯಾವಾಗ ಓದಬಹುದು ಎಂಬ ನಿರ್ಬಂಧವನ್ನು ಬರೆದವರೇ ವಿಧಿಸಬಹುದು. ಬಂದ ಪ್ರತಿಯೊಂದು ಬರಹವನ್ನೂ ಸಂಘದ ಓದುಗುಂಪಿನವರು ಪೂರ್ತಿಯಾಗಿ ಓದಿ, ಅದರ ಬಗ್ಗೆ ಒಂದು ಚಿಕ್ಕ ಟಿಪ್ಪಣಿ ಬರೆಯುತ್ತಾರೆ. ಅದಕ್ಕೆ ಅವರು ಕೊಟ್ಟ ಹೆಸರು ‘ಪ್ರತಿಧ್ವನಿ’ ಎಂಬ ಅರ್ಥದ್ದು. ಈ ಟಿಪ್ಪಣಿಗಳನ್ನು ಸಂಪುಟಗಳಾಗಿ ಪ್ರಕಟಿಸಲಾಗುತ್ತದೆ. ಮುಂದೆ ಬರುವ ಓದುಗ ಅವುಗಳ ಮೂಲಕ ತನಗೆ ಬೇಕಾದ ಬರಹವನ್ನು ಕಂಡುಕೊಳ್ಳುತ್ತಾನೆ.

ಈ ಮೂರರಲ್ಲಿ ಫ್ರಾನ್ಸಿನ ಪ್ರಯೋಗ ತಾತ್ವಿಕವಾಗಿ ಹೆಚ್ಚು ಪರಿಪೂರ್ಣವೆನಿಸುತ್ತದೆ. ಮೊದಲನೆಯದರಲ್ಲಿ ಬರಹ ಆಕರವಾಗುತ್ತದೆ, ಎರಡನೆಯದರಲ್ಲಿ ಸ್ಪರ್ಧಿಯಾಗುತ್ತದೆ, ಮೂರನೆಯದರಲ್ಲಿ ಅದು ಬರಹವಾಗಿಯೇ ಉಳಿದು ಓದುಗನನ್ನು ಪಡೆಯುತ್ತದೆ. ಮೌಲ್ಯನಿರ್ಣಯ ಮಾಡದ ಈ ಓದು ವಿಮರ್ಶೆಯೇ ಅಲ್ಲ ಎಂಬ ಆಕ್ಷೇಪಕ್ಕೆ ಇಲ್ಲಿ ಅವಕಾಶವಿದೆ. ಆದರೆ ವಿಮರ್ಶೆಯ ಕೆಲಸ ಆರಂಭವಾಗಬೇಕಾದರೆ ಪಠ್ಯ ಮೊದಲು ಉಳಿದಿರಬೇಕು, ಅದು ಇದೆಯೆಂಬುದು ಯಾರಿಗಾದರೂ ತಿಳಿದಿರಬೇಕು. ಪ್ರತಿಧ್ವನಿ ಆ ಮೊದಲ ಹೆಜ್ಜೆ.

6. ಕನ್ನಡದ ಸಂದರ್ಭ

ಅಮೆರಿಕ ಮತ್ತು ಯೂರೋಪಿನಲ್ಲಾದ ಜನನದ ಏರಿಕೆಯನ್ನು ಭಾರತಕ್ಕೆ ಯಥಾವತ್ತಾಗಿ ಅನ್ವಯಿಸಲಾಗದು. 1951ರ ಜನಗಣತಿಯಲ್ಲಿ ಸುಮಾರು 36 ಕೋಟಿಯಿದ್ದ ಭಾರತದ ಜನಸಂಖ್ಯೆ 1971ರಲ್ಲಿ ಸುಮಾರು 55 ಕೋಟಿಗೆ ಏರಿತು. ಆದರೆ ಇದಕ್ಕೆ ಮುಖ್ಯ ಕಾರಣ ಮರಣ ಪ್ರಮಾಣದ ಇಳಿಕೆಯೇ ಹೊರತು ಜನನದಲ್ಲಾದ ಹಠಾತ್ ಏರಿಕೆಯಲ್ಲ. ಆದ್ದರಿಂದ ಕನ್ನಡದಲ್ಲಿ ‘ಬೂಮರ್’ ತಲೆಮಾರನ್ನು ಹುಡುಕುವುದು ವ್ಯರ್ಥ. ಆದರೆ ಅದರ ಓರಗೆಯವರು ಇಲ್ಲಿಯೂ ಇದ್ದಾರೆ. ಮ್ಯಾನ್‌ಹೈಮನ ಎರಡನೆಯ ಹಂತದ ಅರ್ಥದಲ್ಲಿ ಅವರನ್ನು ತಲೆಮಾರಾಗಿಸಿದ ಘಟನೆಗಳು ಬೇರೆ: 1956ರ ಏಕೀಕರಣ, 1973ರ ಬೂಸಾ ಪ್ರಕರಣ, 1975ರಿಂದ 1977ರವರೆಗಿನ ತುರ್ತುಪರಿಸ್ಥಿತಿ, 1979ರ ಬಂಡಾಯ ಸಾಹಿತ್ಯ ಸಂಘಟನೆ.

ಸಿದ್ಧಲಿಂಗಯ್ಯ (1954–2021) ಅವರ ‘ಊರು ಕೇರಿ’ ಮತ್ತು 1956ರಲ್ಲಿ ಹುಟ್ಟಿದ ಅರವಿಂದ ಮಾಲಗತ್ತಿ ಅವರ ‘ಗೌರ್ಮೆಂಟ್ ಬ್ರಾಹ್ಮಣ’ ಈ ದೃಷ್ಟಿಯಿಂದ ಮರು ಓದಿಗೆ ತಕ್ಕವು. ಇವರಿಬ್ಬರೂ ಅಮೆರಿಕದ ಲೆಕ್ಕದಲ್ಲಿ ನಡು ಅಲೆಯಲ್ಲಿ ಹುಟ್ಟಿದವರು. ಆದರೆ ಅವರ ಸ್ವಕಥನಗಳಲ್ಲಿ ಸಮೃದ್ಧಿಯ ನೆನಪಿಲ್ಲ. ಕೇರಿ, ಶಾಲೆ, ಹಾಸ್ಟೆಲು, ಅವಮಾನ, ಸಂಘಟನೆ ಇವೆ. ಸ್ಟೀಡ್‌ಮನ್ ಅವರ ಶಾಲೆಯ ಹಾಲಿನ ನೆನಪನ್ನು ದಲಿತ ಸ್ವಕಥನಗಳಲ್ಲಿ ಬರುವ ಶಾಲೆ ಮತ್ತು ಹಾಸ್ಟೆಲುಗಳ ನೆನಪಿನೊಡನೆ ಇಟ್ಟು ನೋಡಿದರೆ, ರಾಜ್ಯವ್ಯವಸ್ಥೆ ಮಗುವೊಂದರ ಸ್ವಾಭಿಮಾನದಲ್ಲಿ ವಹಿಸುವ ಪಾತ್ರದ ತೌಲನಿಕ ಅಧ್ಯಯನಕ್ಕೆ ದಾರಿಯಾಗುತ್ತದೆ. 2019ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ವಿಜಯಾ ಅವರ ‘ಕುದಿ ಎಸರು’ ಮನೆಯೊಳಗಿನ ಹಿಂಸೆಯನ್ನು ಹೇಳಿದ ಕೃತಿ. ಅಂಥ ಅನುಭವವನ್ನು ಹೇಳಿಕೊಳ್ಳದೆ ಉಳಿದ ಓರಗೆಯ ಹೆಂಗಸರಿಗೆ ಅದು ಮಾತಾಗಿ ಒದಗಬಲ್ಲದು.

ಅಮೆರಿಕದೊಡನೆ ಕನ್ನಡಕ್ಕೆ ಇನ್ನೊಂದು ನೇರ ಸಂಬಂಧವಿದೆ. ಅಲ್ಲಿನ 1965ರ ವಲಸೆ ಕಾಯಿದೆಯ ನಂತರ ವೈದ್ಯರು, ಎಂಜಿನಿಯರುಗಳು, ಅಧ್ಯಾಪಕರಾಗಿ ಅಲ್ಲಿಗೆ ಹೋದ ಕನ್ನಡಿಗರಲ್ಲಿ ಅನೇಕರು 1940ರ ದಶಕದಲ್ಲಿ ಹುಟ್ಟಿದವರು. ಅವರು ಬೂಮರ್‌ಗಳ ನೆರೆಹೊರೆಯಲ್ಲಿ ಬದುಕಿದರು, ಅವರೊಡನೆ ದುಡಿದರು, ಅವರೊಡನೆಯೇ ಮುದುಕರಾದರು. ಆದರೆ ಹರೆಯದ ನೆನಪುಗಳು ಕರ್ನಾಟಕದವು. ಒಂದೇ ಬೀದಿಯಲ್ಲಿ ಇರುವ ಇಬ್ಬರು ಸಮವಯಸ್ಕರು ಹೀಗೆ ಓರಗೆಯವರಾಗಿಯೂ ಬೇರೆ ಬೇರೆ ತಲೆಮಾರಿಗೆ ಸೇರುತ್ತಾರೆ. ಅವರ ಕನ್ನಡ ಬರಹಗಳಿಗೆ ಅಲ್ಲಿಯ ಮೊಮ್ಮಕ್ಕಳು ಓದುಗರಾಗುವುದು ಕಷ್ಟ. ಇಲ್ಲಿಯ ಓರಗೆಯವರಿಗೆ ಆ ಬರಹಗಳು ಸುಲಭವಾಗಿ ತಲುಪುವುದಿಲ್ಲ. ಕನ್ನಡ ಕೂಟಗಳು ಮತ್ತು 1998ರಲ್ಲಿ ಸ್ಥಾಪನೆಗೊಂಡ ‘ಅಕ್ಕ’ದಂಥ ಒಕ್ಕೂಟಗಳ ಸ್ಮರಣ ಸಂಚಿಕೆಗಳು ಈ ದೃಷ್ಟಿಯಿಂದ ಸಂಶೋಧಕರು ಗಮನಿಸಬೇಕಾದ ಆಕರಗಳಾಗಿವೆ.

ಕನ್ನಡ ಸಂಶೋಧನೆ ಬೆಳೆದು ಬಂದದ್ದೇ ಕಂಡುಕೊಳ್ಳುವ ಕೆಲಸದಿಂದ ಎಂಬುದನ್ನು ಇಲ್ಲಿ ನೆನೆಯಬೇಕು. ಆರ್. ನರಸಿಂಹಾಚಾರ್ಯರ ‘ಕರ್ಣಾಟಕ ಕವಿಚರಿತೆ’ಯ ಮೂರು ಸಂಪುಟಗಳು 1907, 1919 ಮತ್ತು 1929ರಲ್ಲಿ ಪ್ರಕಟವಾದವು. ಓಲೆಗರಿಗಳಲ್ಲಿ ಅಡಗಿದ್ದ ನೂರಾರು ಕವಿಗಳ ಹೆಸರು, ಕಾಲ, ಕೃತಿಗಳನ್ನು ಅವು ಸಂಕ್ಷಿಪ್ತ ಟಿಪ್ಪಣಿಗಳಲ್ಲಿ ತಿಳಿಸಿದವು. ಆ ಟಿಪ್ಪಣಿಗಳೂ ಒಂದು ಅರ್ಥದಲ್ಲಿ ಪ್ರತಿಧ್ವನಿಗಳೇ. ಓಲೆಗರಿಗೆ ಸಲ್ಲಿಸಿದ ಈ ಗೌರವವನ್ನು ಇಪ್ಪತ್ತನೆಯ ಶತಮಾನದ ನೋಟುಪುಸ್ತಕಕ್ಕೂ ಸಲ್ಲಿಸಬೇಕಾಗಿದೆ. ಪ್ರಾಥಮಿಕ ಶಾಲೆಯ ನಿವೃತ್ತ ಶಿಕ್ಷಕಿಯೊಬ್ಬರ ದಿನಚರಿ, ಗಿರಣಿ ಕಾರ್ಮಿಕನ ಲೆಕ್ಕದ ಪುಸ್ತಕ, ಮುಂಬಯಿಗೆ ಹೋದ ಮಗ ಊರಿಗೆ ಬರೆದ ಕಾಗದ ಇವೆಲ್ಲ ಮನೆ ಬದಲಿಸುವಾಗ, ಪಾಲಾಗುವಾಗ ರದ್ದಿಯವರ ತಕ್ಕಡಿ ಸೇರುವುದುಂಟು. ಓಲೆಗರಿ ಹುಳು ಹಿಡಿದು ನಾಶವಾಗಲು ಶತಮಾನಗಳು ಬೇಕಾದವು. ನೋಟುಪುಸ್ತಕ ಒಂದು ಮಧ್ಯಾಹ್ನದಲ್ಲಿ ಇಲ್ಲವಾಗುತ್ತದೆ.

7. ಉಪಸಂಹಾರ

ಈ ವಿವೇಚನೆಯಿಂದ ಮೂರು ಅಂಶಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ಜನನದ ಅಂಕಿ-ಅಂಶ ಓರಗೆಯನ್ನು ಮಾತ್ರ ತೋರಿಸುತ್ತದೆ. ವರ್ಣ, ವರ್ಗ, ಲಿಂಗ, ಜಾತಿಗಳ ಭೇದಗಳೊಡನೆ ತಲೆಮಾರು ಕಾಣಿಸಿಕೊಳ್ಳುವುದು ಸ್ವಕಥನಗಳಲ್ಲಿ. ಎರಡನೆಯದಾಗಿ, ಸ್ವಕಥನ ಒಬ್ಬರ ಕೃತಿಯಾದರೂ ಅದು ಪೂರ್ಣವಾಗುವುದು ಓದಿನಲ್ಲಿ. ಬಿರೆನ್ ಅವರ ಗುಂಪಿನಲ್ಲಿ ಕೇಳುವವರು, ಪಿಯೆವೆ ಊರಿನ ಓದುಗ ಸಮಿತಿ, ಲೆಜೂನ್ ಅವರ ಸಂಘದ ಪ್ರತಿಧ್ವನಿ ಇವು ಆ ಓದಿನ ಬೇರೆ ಬೇರೆ ರೂಪಗಳು. ಮೂರನೆಯದಾಗಿ, ಇಂಥ ಓದಿಗೆ ದೊಡ್ಡ ಕಟ್ಟಡವಾಗಲಿ ಅನುದಾನವಾಗಲಿ ಮೊದಲ ಅಗತ್ಯವಲ್ಲ. ಬರಹವನ್ನು ಪೂರ್ತಿಯಾಗಿ ಓದಿ, ಗುಟ್ಟು ಕಾಯಬೇಕಾದಲ್ಲಿ ಕಾದು, ಮುಂದಿನವರಿಗೆ ಸುಳಿವು ಸಿಗುವಂತೆ ಒಂದು ಪುಟದ ಟಿಪ್ಪಣಿ ಬರೆಯಬಲ್ಲ ಓದುಗರು ಬೇಕು. ಕನ್ನಡ ಅಧ್ಯಯನ ವಿಭಾಗಗಳಲ್ಲಿ ಅಂಥ ಓದುಗರು ಪ್ರತಿವರ್ಷ ತರಬೇತಿ ಪಡೆದು ಹೊರಬರುತ್ತಾರೆ. ಸ್ನಾತಕೋತ್ತರ ವಿದ್ಯಾರ್ಥಿ ತನ್ನ ಊರಿನ ಒಬ್ಬ ಹಿರಿಯರ ಬರಹವನ್ನು ಅವರ ಒಪ್ಪಿಗೆ ಪಡೆದು ಓದಿ, ಒಂದು ಪುಟದ ಪ್ರತಿಧ್ವನಿ ಬರೆಯುವುದನ್ನು ಕ್ಷೇತ್ರಕಾರ್ಯದ ಭಾಗವಾಗಿಸಿದರೆ, ಹತ್ತು ವರ್ಷಗಳಲ್ಲಿ ಒಂದು ತಲೆಮಾರಿನ ಕವಿಚರಿತೆಯಂಥದು ಸಿದ್ಧವಾಗಬಲ್ಲದು. ಬರೆದವರು ಇನ್ನೂ ಬದುಕಿರುವಾಗ, ತಪ್ಪಿದ್ದಲ್ಲಿ ತಿದ್ದಲು ಅವರು ಎದುರಿಗೆ ಇರುವಾಗ ಈ ಕೆಲಸ ನಡೆಯಬೇಕು. ಓಲೆಗರಿಯ ಸಂಶೋಧಕರಿಗೆ ಈ ಅವಕಾಶ ಇರಲಿಲ್ಲ.